ಒಳಗಿನ ಚಿಲಕ

ಹೊಳೆಸಾಲು ಪಾಲಿಟೆಕ್ನಿಕ್ಕಿನ ಮೊದಲ ದೂರದೃಷ್ಟಿ ಯೋಜನೆಯನ್ನು ಅನುಸೂಯಾ ತನ್ನ ಕೈಯಾರೆ ಬರೆದಿದ್ದಳು. ಆಗ ಕಾಲೇಜು ಎಂದರೆ ಶಿರಗುಪ್ಪಿ ರಸ್ತೆಯ ಬದಿಗೆ ತಗಡಿನ ಮಾಡಿನ ಒಂದು ಸಾಲು ಕೋಣೆಗಳು, ಹಿಂದೆ ವರ್ಕ್‌ಶಾಪು, ಸುತ್ತಲೂ ಕಬ್ಬು. ಯೋಜನೆಯೂ ಅಷ್ಟೇ ಸರಳವಾಗಿತ್ತು. ವರ್ಕ್‌ಶಾಪಿಗೆ ಒಳ್ಳೆಯ ಲೇಥು, ಓದಲು ಗ್ರಂಥಾಲಯ, ದೂರದ ಹುಡುಗಿಯರಿಗೆ ಹಾಸ್ಟೆಲು. ಓದಿದ ಯಾರಿಗಾದರೂ ಏನು ಕಟ್ಟಬೇಕೆಂದು ತಿಳಿಯುತ್ತಿತ್ತು. ಹಾಗೆ ತಿಳಿಯುವಂತೆ ಬರೆದದ್ದೇ ತಪ್ಪಾಯಿತು. ಏನು ಕಟ್ಟಬೇಕೆಂದು ತಿಳಿದವರು, ಎಲ್ಲಿ ಕಟ್ಟಿದಿರಿ ಎಂದೂ ಕೇಳುತ್ತಾರೆ.

ಆದ್ದರಿಂದ ಎರಡನೆಯ ಯೋಜನೆಗೆ ಪುಣೆಯಿಂದ ಸಲಹೆಗಾರರನ್ನು ಕರೆಸಲಾಯಿತು. ಅವರು ಕಾರಿನಿಂದ ಇಳಿದು, ಕಬ್ಬಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು, ಊಟ ಮಾಡಿ, "ನಿಮ್ಮಲ್ಲಿ ವಿಷನ್ ಇದೆ, ಅದನ್ನು ಹೇಳುವ ಭಾಷೆ ಇಲ್ಲ" ಎಂದು ತೀರ್ಪು ಕೊಟ್ಟರು. ಭಾಷೆ ಬಂತು. ಹಾಸ್ಟೆಲು 'ಮಹಿಳಾ ಸಬಲೀಕರಣದ ಮೂಲಸೌಕರ್ಯ'ವಾಗಿ ಮೊದಲ ಪುಟದಿಂದ ಹಿಂದಿನ ಅಧ್ಯಾಯಕ್ಕೆ ಸರಿಯಿತು. ಮೂರನೆಯ ಯೋಜನೆಯನ್ನು ಚೇರ್ಮನ್ ಬಾಬಾಸಾಹೇಬರ ಮಗ ರೋಹನ ಕೈಗೆತ್ತಿಕೊಂಡ. ಅವನು ಎಂಬಿಎ ಓದಿ ಬಂದಿದ್ದ. ಹಾಸ್ಟೆಲು ಈಗ 'ಲಿಂಗಸಂವೇದಿ ವಸತಿ ಪರಿಸರ'. ಗುರಿ ಮುಟ್ಟುವ ವರ್ಷ ೨೦೪೭. ಅಷ್ಟರಲ್ಲಿ ಈಗಿನ ಹುಡುಗಿಯರ ಹೆಣ್ಣುಮಕ್ಕಳು ಕಾಲೇಜು ಸೇರುವ ವಯಸ್ಸಿಗೆ ಬಂದಿರುತ್ತಾರೆ.

ಹೊಳೆಸಾಲಿನ ರೈತರಿಗೆ ಇದು ಹೊಸತಲ್ಲ. ಕಬ್ಬು ಕಡಿದ ಮೇಲೆ ಬುಡ ಹಾಗೇ ಬಿಟ್ಟರೆ ಮತ್ತೆ ಚಿಗುರುತ್ತದೆ. ಅದಕ್ಕೆ ಕೂಳೆ ಎನ್ನುತ್ತಾರೆ. ಬೀಜದ ಖರ್ಚಿಲ್ಲ, ನಾಟಿಯ ಶ್ರಮವಿಲ್ಲ. ಆದರೆ ಒಂದೊಂದು ಕೂಳೆಗೂ ಗಳ ಸಣ್ಣದಾಗುತ್ತ, ಒಣ ಎಲೆಯ ರವದಿ ದೊಡ್ಡದಾಗುತ್ತ ಹೋಗುತ್ತದೆ. ಬಾಬಾಸಾಹೇಬರು ತಮ್ಮ ಹೊಲದಲ್ಲಿ ಎರಡನೆಯ ಕೂಳೆಗಿಂತ ಮುಂದೆ ಬಿಡುತ್ತಿರಲಿಲ್ಲ. ಕಾಲೇಜಿನಲ್ಲಿ ಬಿಡುತ್ತಿದ್ದರು.

ಪ್ರತಿ ಯೋಜನೆಗೂ ಒಂದು ಭೂಮಿಪೂಜೆ ಆಗುತ್ತಿತ್ತು. ಕಾಲೇಜಿನ ಹಿಂದಿನ ಖುಲ್ಲಾ ಜಾಗದಲ್ಲಿ ತೆಂಗಿನಕಾಯಿ ಒಡೆದು, ಗುದ್ದಲಿಗೆ ಅರಿಷಿಣ ಹಚ್ಚಿ, ಪೇಟ ಸುತ್ತಿಕೊಂಡವರೆಲ್ಲ ಒಂದೊಂದು ಹೆಂಟೆ ಮಣ್ಣು ಎತ್ತುತ್ತಿದ್ದರು. 'ಮಾತೋಶ್ರೀ ಚನ್ನವ್ವ ಮಹಿಳಾ ವಸತಿ ನಿಲಯ' ಎಂದು ಕೆತ್ತಿದ ಕಲ್ಲು ನಿಂತಿತ್ತು. ಚನ್ನವ್ವ ಎಂದರೆ ಬಾಬಾಸಾಹೇಬರ ತೀರಿಹೋದ ತಾಯಿ. ಹಂಗಾಮು ಶುರುವಾದೊಡನೆ ಕಬ್ಬು ಕಡಿಯುವ ಗ್ಯಾಂಗಿನವರು ಬಂದು ಅಲ್ಲೇ ತಾಡಪತ್ರಿಯ ಗುಡಿಸಲು ಹಾಕುತ್ತಿದ್ದರು. ಅವರ ಹೆಂಗಸರು ಒಗೆದ ಸೀರೆಯನ್ನು ಕಲ್ಲಿನ ಮೇಲೆ ಹರವುತ್ತಿದ್ದರು. ಮಹಿಳಾ ವಸತಿ ಎಂಬುದು ಅಷ್ಟಾದರೂ ನಡೆದಿತ್ತು.

ಕಟ್ಟಡ ಏಳಲೇ ಇಲ್ಲ ಎನ್ನುವಂತಿಲ್ಲ. ಎದ್ದಿತು, ರಸ್ತೆಗೆ ಮುಖ ಮಾಡಿ. ಕೆಳಗೆ ದೊಡ್ಡ ಸಭಾಂಗಣ, ಹಿಂದೆ ಅಡುಗೆಮನೆ, ಮೇಲೆ ಎರಡು ಬದಿಗೆ ಕೋಣೆಗಳು. ಒಂದು ಬದಿಗೆ 'ವಧುಪಕ್ಷ', ಇನ್ನೊಂದು ಬದಿಗೆ 'ವರಪಕ್ಷ' ಎಂಬ ಫಲಕ. ಹೆಸರು ಮಾತೋಶ್ರೀ ಚನ್ನವ್ವ ಮಂಗಲ ಕಾರ್ಯಾಲಯ. ಅನುಸೂಯಾ ಒಮ್ಮೆ ಬಾಯಿಬಿಟ್ಟು ಕೇಳಿದಾಗ ಬಾಬಾಸಾಹೇಬರು ನಕ್ಕಿದ್ದರು.

"ಮೇಡಂ, ಹಾಸ್ಟೆಲ್ ಅಂದ್ರ ಅದು ತಿನ್ನೂವಂಥಾದ್ದು. ಕಾರ್ಯಾಲಯ ಅಂದ್ರ ತಿನಿಸೂವಂಥಾದ್ದು. ಮೊದಲ ತಿನಿಸೂದು ಕಟ್ಟೂನು, ಆಮ್ಯಾಲ ತಿನ್ನೂದು."

ಅನುಸೂಯಾ ಐವತ್ತು ದಾಟಿದ ಹೆಂಗಸು. ಸಿವಿಲ್ ವಿಭಾಗದ ಮುಖ್ಯಸ್ಥೆ. ಚಿಕ್ಕೋಡಿಯಿಂದ ದಿನಾ ಬಸ್ಸಿನಲ್ಲಿ ಬರುವವಳು. ಮೂರೂ ಯೋಜನೆಗಳ ಕರಡುಗಳು ಅವಳ ಮೇಜಿನಿಂದಲೇ ಹೋಗಿದ್ದವು. ಮೇಡಮ್ಮನ್ನು ಬಾಯಾರು ಎನ್ನುವ ಸೀಮೆ ಅದು. "ಬಾಯಾರ್ದು ಬರವಣಿಗಿ ಛಲೋ" ಎಂದು ಹೇಳಿ ಹೇಳಿಯೇ ಗಂಡಸರೆಲ್ಲ ಆ ಕೆಲಸವನ್ನು ಅವಳ ಕಡೆಗೆ ಸರಿಸಿದ್ದರು. ಮನೆಯಲ್ಲೂ ಹಾಗೆಯೇ. "ನಿನ್ನ ಕೈಯಾಗ ಭಕ್ರಿ ಮೆತ್ತಗ ಆಗ್ತಾವ" ಎಂದು ಅತ್ತೆ ಹೊಗಳಿದ ದಿನದಿಂದ ಭಕ್ರಿ ಬಡಿಯುವುದು ಅವಳೊಬ್ಬಳ ಪಾಲಾಗಿತ್ತು. ಕೂಲಿ ಕೊಡದೆ ಕೆಲಸ ಹಚ್ಚಬೇಕಾದರೆ ಹೊಗಳಿದರೆ ಆಯಿತು ಎಂಬುದನ್ನು ಅವಳು ತಡವಾಗಿ ಕಂಡುಕೊಂಡಿದ್ದಳು. ಕಂಡುಕೊಂಡ ಮೇಲೂ ಬರೆಯುತ್ತಿದ್ದಳು, ಬಡಿಯುತ್ತಿದ್ದಳು. ಅದಕ್ಕೇ ಅವಳಿಗೆ ಆ ಯೋಜನೆಗಳಷ್ಟೇ ತಿರಸ್ಕಾರ ತನ್ನ ಮೇಲೂ ಇತ್ತು.

ದೀಪಾವಳಿಗೆ ಸ್ವಲ್ಪ ಮುಂಚೆ ಜಕ್ಕಪ್ಪ ಕಾಲೇಜಿಗೆ ಬಂದ. ತೆಲಸಂಗದ ಕುರಿಗಾರ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಮೆಟ್ಟಿಲ ಹತ್ತಿರ ಚಪ್ಪಲಿ ಬಿಡಲು ಹೋದವನನ್ನು ಅನುಸೂಯಾ ತಡೆದಳು. ಅವನ ಹಿಂದೆ ಮಗಳು ಮಾಯಾ ನಿಂತಿದ್ದಳು. ಮೆಕ್ಯಾನಿಕಲ್ ಎರಡನೆಯ ವರ್ಷದವಳು. ವರ್ಕ್‌ಶಾಪಿನಲ್ಲಿ ಅರ ಹಿಡಿದು ಉಜ್ಜಿ ಉಜ್ಜಿ ಅವಳ ಅಂಗೈ ಗಟ್ಟಿಯಾಗಿತ್ತು. ಇವತ್ತು ಆ ಕೈಗಳನ್ನು ಓಢಣಿಯ ಒಳಗೆ ಮುಚ್ಚಿಟ್ಟುಕೊಂಡಿದ್ದಳು.

"ಬಾಯಾರ, ಹುಡುಗಿ ಹೆಸರ ತಗಸಾಕ ಬಂದೇನ್ರಿ" ಎಂದ ಜಕ್ಕಪ್ಪ.

"ಯಾಕ? ಛಲೋ ಮಾರ್ಕ್ಸ್ ತಗೋತಾಳಲ್ಲಾ."

"ಮಾರ್ಕ್ಸಿನ್ಯಾಗ ಮಕ್ಕೊಳ್ಳಾಕ ಬರೂದಿಲ್ರಿ." ಅವನು ನಗಲಿಲ್ಲ. "ಹಬ್ಬ ಆತಂದ್ರ ಹಿಂಡ ಹೊಡ್ಕೊಂಡ ನಾವೆಲ್ಲಾ ಹೊಳಿಸಾಲಿಗೆ ಇಳೀತೇವಿ. ಮನಿಗೆ ಕೀಲಿ. ಇವತ್ತ ಈ ಹೊಲದಾಗ, ನಾಳೆ ಆ ಹೊಲದಾಗ. ಈಕಿ ಎಲ್ಲಿರಬೇಕು?"

"ಇಷ್ಟ ದಿನ ಕಾಗವಾಡದಾಗ ಸೋದರಮಾವನ ಮನ್ಯಾಗ ಇದ್ದಳಲ್ಲಾ?"

ಜಕ್ಕಪ್ಪ ಮಗಳ ಕಡೆ ನೋಡಿದ. ಮಾಯಾ ಗೋಡೆಯ ಕಡೆ ನೋಡಿದಳು.

"ಅಂವಾ ಈಗ ಒಂದ ಮಾತ ಅಂದಾನ್ರಿ. 'ಇನ್ನ ಮ್ಯಾಲೆ ನಮ್ಮನ್ಯಾಗ ಇರೂದಾದ್ರ ಸೊಸಿ ಆಗಿ ಇರ್ಲಿ. ತುಳಸಿ ಲಗ್ನ ಆದಕೂಡ್ಲೆ ಅಕ್ಕಿಕಾಳ ಹಾಕೂನು' ಅಂತ. ಅಂವನ ಮಗ ಟ್ರ್ಯಾಕ್ಟರ್ ಹೊಡೀತಾನ. ಹುಡುಗ ಕೆಟ್ಟಾಂವಲ್ಲ."

"ಕೆಟ್ಟಾಂವಲ್ಲ" ಎಂದು ಮಾಯಾ ಗೋಡೆಗೇ ಹೇಳಿದಳು. "ನಾನೂ ಕೆಟ್ಟಾಕಿಯಲ್ಲ. ಅಷ್ಟಕ್ಕ ಲಗ್ನ ಆಗಬೇಕೇನ?"

"ನೋಡ್ರಿ, ಹಿಂಗ ಮಾತಾಡ್ತಾಳ." ಜಕ್ಕಪ್ಪನ ದನಿಯಲ್ಲಿ ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚಿತ್ತು, ಅದನ್ನು ಮುಚ್ಚಲು ಕೆಮ್ಮಿದ. "ನನಗೂ ಅವಸರಿಲ್ರಿ ಬಾಯಾರ. ದೊಡ್ಡ ಬಂಗಲೆ ಬ್ಯಾಡ, ಗಾದಿ ಬ್ಯಾಡ. ಒಳಗಿನಿಂದ ಚಿಲಕ ಹಾಕ್ಕೊಳ್ಳೂವಂಥಾ ಒಂದ ಖೋಲಿ ಇದ್ರ ಸಾಕು. ನಾ ಎಲ್ಲೇ ಇದ್ರೂ ಕಣ್ಣ ಮುಚ್ಚಿ ಮಲಗತೇನಿ. ಹೋದ ವರ್ಷ ನೀವ ಹೇಳಿದ್ರಿ, ಹಾಸ್ಟೆಲ್ ಆಗತೈತಿ ಅಂತ."

ಹೇಳಿದ್ದಳು. ಯೋಜನೆಯಲ್ಲಿ ಇದೆ ಎಂದು ಹೇಳಿದ್ದಳು. ಕುರಿಗಾರನಿಗೆ 'ಯೋಜನೆಯಲ್ಲಿ ಇದೆ' ಎಂದರೆ 'ಇದೆ' ಎಂದೇ ಅರ್ಥವಾಗಿತ್ತು. ಅವನ ಲೋಕದಲ್ಲಿ ಹಿಂಡು ಇದೆ ಎಂದರೆ ಎಣಿಸಿ ನೋಡಬಹುದಾದ ಹಿಂಡು.

ಅನುಸೂಯಾಳಿಗೆ ನಿಪ್ಪಾಣಿಯ ಒಂದು ಕೋಣೆ ನೆನಪಾಯಿತು. ತಾನು ಡಿಪ್ಲೊಮಾ ಓದುವಾಗ ತಂಬಾಕಿನ ವಖಾರಿಯ ಹಿಂದೆ ಬಾಡಿಗೆಗೆ ಹಿಡಿದದ್ದು. ಗಾಳಿಯೇ ಕಟುವಾಗಿ ಕಣ್ಣಲ್ಲಿ ನೀರು ಬರುತ್ತಿತ್ತು. ಬಾಗಿಲಿಗೆ ಒಳಗಿನಿಂದ ಚಿಲಕವಿರಲಿಲ್ಲ. ಮಾಲೀಕನ ತಮ್ಮ ಹೊತ್ತುಗೊತ್ತಿಲ್ಲದೆ ನೀರಿನ ನಳ ನೋಡಲು ಬರುತ್ತಿದ್ದ. ಏನೂ ಆಗಲಿಲ್ಲ. ಏನೂ ಆಗದಿರಲೆಂದು ಅವಳು ಟ್ರಂಕನ್ನು ಬಾಗಿಲಿಗೆ ಒತ್ತಿ, ಟ್ರಂಕಿಗೆ ಬೆನ್ನು ಕೊಟ್ಟು ಓದುತ್ತಿದ್ದಳು. ಮೊದಲ ಯೋಜನೆಯಲ್ಲಿ ಹಾಸ್ಟೆಲು ಎಂಬ ಪದವನ್ನು ಬರೆಯುವಾಗ ಅವಳ ಬೆನ್ನಿಗೆ ಆ ಟ್ರಂಕಿನ ಅಂಚು ತಗುಲಿತ್ತು. ಅದನ್ನು ಯಾವ ಸಲಹೆಗಾರನೂ ಕೇಳಿರಲಿಲ್ಲ.

"ಹೆಸರ ತಗಸಬ್ಯಾಡ್ರಿ" ಎಂದಳು. "ನೀವು ಹಿಂಡ ತಗೊಂಡ ಈ ಕಡೆ ಬರೂದ್ರೊಳಗ ಏನಾರ ಮಾಡ್ತೇನಿ."

"ಮಾಡ್ರಿ. ಬರೀಬ್ಯಾಡ್ರಿ ಮತ್ತ" ಎಂದು ಜಕ್ಕಪ್ಪ ಕೋಲು ಎತ್ತಿಕೊಂಡ. ಕುಹಕದಿಂದ ಹೇಳಿದ್ದಲ್ಲ, ಆದ್ದರಿಂದಲೇ ಅದು ಅವಳನ್ನು ದಿನವೆಲ್ಲ ಚುಚ್ಚಿತು.

ಮರುದಿನ ಅವಳು ಚೇರ್ಮನ್ನರ ಕೋಣೆಗೆ ಹೋದಾಗ ಅಲ್ಲಿ ಬೇರೆಯೇ ಗಡಿಬಿಡಿ ನಡೆದಿತ್ತು. ಕಾಲೇಜಿಗೆ ಮಾನ್ಯತೆ ಕೊಡುವ ಕಮಿಟಿ ಬರುವುದಿತ್ತು. ರೋಹನ ಗೋಡೆಯ ಮೇಲೆ ಬಣ್ಣಬಣ್ಣದ ಬಾಣಗಳನ್ನು ಬೆಳಗಿಸಿ ತಂದೆಗೆ ವಿವರಿಸುತ್ತಿದ್ದ. ಬಾಬಾಸಾಹೇಬರು ದ್ರಾಕ್ಷಿ ಪಡದಲ್ಲಿ ಬಳ್ಳಿಯ ರೋಗ ನೋಡುವವರಂತೆ ಕಣ್ಣು ಕಿರಿದಾಗಿಸಿ ಕೂತಿದ್ದರು.

"ಬರ್ರಿ ಮೇಡಂ, ಛಲೋ ಹೊತ್ತಿಗೆ ಬಂದ್ರಿ" ಎಂದ ರೋಹನ. "ಹಿಂದಿನ ಪ್ಲ್ಯಾನಿನ್ಯಾಗ ನೀವು ಲೇಡೀಜ್ ಹಾಸ್ಟೆಲ್ ಅಂತ ಬರದೀರಿ. ಕಮಿಟಿ ಅದನ್ನ ಕೇಳತೈತಿ."

"ಬರದೇನಿ. ನೀವು ಕಟ್ಟಿಲ್ಲ."

"ಅದು ನೆಗೆಟಿವ್ ಆಗತೈತ್ರಿ" ಎಂದ ಅವನು, ಬೇಸರದಿಂದ. "ನಾವು ಅದನ್ನ ಹೆಂಗ ಹೇಳಬೇಕಂದ್ರ, ಬಹುಪಯೋಗಿ ವಸತಿ ಸಂಕುಲ."

"ಅಂದ್ರ?"

"ಕಾರ್ಯಾಲಯ" ಎಂದರು ಬಾಬಾಸಾಹೇಬರು, ಮಗನ ಭಾಷೆಯ ಹೊರೆಯನ್ನು ಒಂದೇ ಮಾತಿನಲ್ಲಿ ಇಳಿಸಿ. "ಮ್ಯಾಲಿನ ಖೋಲಿಗೋಳಾಗ ಮಕ್ಕೊಳ್ಳೂ ಕಾಟ ಹಾಕಸೂನು. ಒಂದಿಷ್ಟ ಹುಡುಗ್ಯಾರ್ನ ಪುಸ್ತಕ ಹಿಡ್ಕೊಂಡ ಕುಂದ್ರಸೂನು. ಕಮಿಟಿ ಬಂದು ನೋಡಿ ಹೋತಂದ್ರ ಮುಗೀತು. ಚಾತುರ್ಮಾಸ, ಲಗ್ನ ಒಂದೂ ಇಲ್ಲ, ಕಟ್ಟಡ ಖಾಲಿನ ಬಿದ್ದೈತಿ."

"ಮತ್ತ ರೆಕ್ಟರ್ ಅಂತ ನಿಮ್ಮ ಹೆಸರ ಹಾಕೇವ್ರಿ" ಎಂದ ರೋಹನ. ಈ ಕಡೆ ಹಾಸ್ಟೆಲಿನ ಮೇಲ್ವಿಚಾರಕರಿಗೆ ರೆಕ್ಟರ್ ಎನ್ನುವುದು ವಾಡಿಕೆ. "ಆರ್ಡರ್ ಕಾಪಿ ಟೇಬಲ್ ಮ್ಯಾಲ ಇಡತೇನಿ. ಒಂದ ದಿನದ ಮಾತು. ನೀವು ಇದ್ರ ಹುಡುಗ್ಯಾರು ಶಿಸ್ತಿನಿಂದ ಇರ್ತಾರ. ನಿಮ್ಮ ಮಾತಂದ್ರ ಅವರಿಗೆ ಭಾಳ ಕಿಮ್ಮತ್ತು."

ಮತ್ತೆ ಹೊಗಳಿಕೆ. ಅನುಸೂಯಾ ಕಾದಳು, ಕೆಲಸ ಬಂತು.

"ಹುಡುಗ್ಯಾರಿಗೆ ಹೇಳ್ರಿ, ಒಂದೊಂದ ಟ್ರಂಕು, ಒಂದೊಂದ ಹಾಸಿಗಿ ತರ್ಲಿ. ಖಾಲಿ ಟ್ರಂಕ್ ಆದ್ರೂ ನಡೀತೈತಿ. ಲುಕ್ ಬರಬೇಕು."

ಆ ಕ್ಷಣದಲ್ಲಿ ಅವಳ ಒಳಗೆ, ಸಿಟ್ಟು ಇರಬೇಕಾದ ಕಡೆ ಒಂದು ಸ್ಪಷ್ಟತೆ ಬಂದು ಕೂತಿತು. ಇಷ್ಟು ವರ್ಷ ಅವಳು ಇವರಿಗೆ ಹಾಸ್ಟೆಲು ಯಾಕೆ ಬೇಕೆಂದು ವಾದಿಸಿದ್ದಳು. ಇವರಿಗೆ ಯಾಕೆ ಎಂಬುದು ಎಂದೂ ಬೇಕಿರಲಿಲ್ಲ. ಲುಕ್ ಬೇಕಿತ್ತು. ಕೊಟ್ಟರಾಯಿತು.

"ಆಗ್ಲಿ" ಎಂದಳು. "ಆರ್ಡರ್ ಕಾಪಿ ಮ್ಯಾಲ ಸಾಹೇಬ್ರ ಸಹಿ ಬೇಕು."

ಹೊರಗೆ ಬಂದು ಮಾಯಾಳನ್ನೂ, ಅವಳಂತೆ ದೂರದ ಊರುಗಳಿಂದ ಬಂದು ಬಂಧುಗಳ ಮನೆಯ ಪಡಸಾಲೆಗಳಲ್ಲಿ ಮಲಗುತ್ತಿದ್ದ ಇನ್ನಷ್ಟು ಹುಡುಗಿಯರನ್ನೂ ಕರೆದು, ವಿಷಯ ಇದ್ದದ್ದು ಇದ್ದಂತೆ ಹೇಳಿದಳು. ಕೊನೆಗೆ ಒಂದೇ ಮಾತು ಸೇರಿಸಿದಳು.

"ಟ್ರಂಕ್ ಖಾಲಿ ತರಬ್ಯಾಡ್ರಿ."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾಯಾ ಮೊದಲು ನಕ್ಕಳು.

ಕಮಿಟಿ ಹೇಳಿದ ದಿನಕ್ಕೆ ಬರಲಿಲ್ಲ. ದೀಪಾವಳಿ ಮುಗಿಯಿತು, ತುಳಸಿ ಲಗ್ನ ಮುಗಿಯಿತು, ಸಕ್ಕರೆ ಕಾರ್ಖಾನೆಯ ಹೊಗೆ ಶುರುವಾಯಿತು. ಆಮೇಲೆ ಒಂದು ದಿನ ಫೋನು ಬಂತು: ಬರುವ ಗುರುವಾರ ಬರುತ್ತೇವೆ. ಬಾಬಾಸಾಹೇಬರು ಹಿಗ್ಗಿನಲ್ಲಿ "ಯಾವಾಗ ಬೇಕಾದ್ರೂ ಬರ್ರಿ, ನಮ್ಮಲ್ಲಿ ಯಾವಾಗ್ಲೂ ತಯಾರ" ಎಂದುಬಿಟ್ಟರು. ಇಪ್ಪತ್ತೆರಡು ವರ್ಷದ ಮುಂದಿನದನ್ನು ಗೋಡೆಯ ಮೇಲೆ ಬಾಣ ಬಿಟ್ಟು ತೋರಿಸುವ ತಂದೆ-ಮಗ, ಮುಂದಿನ ವಾರದ ಪಂಚಾಂಗ ನೋಡಿರಲಿಲ್ಲ. ಶುಕ್ರವಾರ ಮದುವೆ ಹಂಗಾಮಿನ ಮೊದಲ ದೊಡ್ಡ ಮುಹೂರ್ತವಿತ್ತು. ಏಕಸಂಬಿಯ ಒಂದು ಮನೆತನ ಕಾರ್ಯಾಲಯವನ್ನು ಮಳೆಗಾಲದಲ್ಲೇ ಹಿಡಿದಿಟ್ಟಿತ್ತು. ಈ ಸೀಮೆಯಲ್ಲಿ ಹೆಣ್ಣಿನ ಕಡೆಯವರು ಮುನ್ನಾದಿನವೇ ಅರಿಷಿಣಕ್ಕೆ ಬಂದು ಇಳಿಯುತ್ತಾರೆ ಎಂಬುದು, ಅದೇ ಬಾಡಿಗೆ ಉಣ್ಣುವ ಬಾಬಾಸಾಹೇಬರಿಗೆ ಹೊಳೆದದ್ದು ಕಮಿಟಿಯ ಕಾರು ಗೇಟಿನ ಒಳಗೆ ಬಂದ ಮೇಲೆ.

ಕಮಿಟಿಯಲ್ಲಿ ಮೂವರಿದ್ದರು. ಇಬ್ಬರು ಗಂಡಸರು ಗೋಡಂಬಿ ತಿನ್ನುತ್ತ ಬಾಣಗಳನ್ನು ನೋಡಿ ತಲೆಯಾಡಿಸಿದರು. ಮೂರನೆಯವರು ಮೈಸೂರು ಕಡೆಯ ಒಬ್ಬ ಪ್ರೊಫೆಸರಮ್ಮ. ಹತ್ತಿಯ ಸೀರೆ, ಕುತ್ತಿಗೆಯಲ್ಲಿ ಕನ್ನಡಕದ ದಾರ. ಅವರು ಗೋಡಂಬಿ ಮುಟ್ಟಲಿಲ್ಲ.

"ಹಾಸ್ಟೆಲ್ ನೋಡೋಣ" ಎಂದರು.

ಕಾರ್ಯಾಲಯದ ಫಲಕದ ಮೇಲೆ ರೋಹನ ಹೊಸ ಬ್ಯಾನರ್ ಕಟ್ಟಿಸಿದ್ದ. ಮೇಲಿನ ಕೋಣೆಗಳಲ್ಲಿ ಕಾಟುಗಳಿದ್ದವು. ಕಾಟಿನ ಮೇಲೆ ಹುಡುಗಿಯರಿದ್ದರು. ಹುಡುಗಿಯರ ಕೈಯಲ್ಲಿ ಪುಸ್ತಕಗಳಿದ್ದವು. ಮುನ್ನಾದಿನವೇ ತುಂಬಿದ ಟ್ರಂಕುಗಳೊಂದಿಗೆ ಬಂದು ಇಳಿದಿದ್ದ ಅವರ ನಿಜವಾದ ಬಟ್ಟೆಗಳು ಕಿಟಕಿಯ ದಾರದಲ್ಲಿ ಒಣಗುತ್ತಿದ್ದವು. ಒಂದು ಗೂಡಿನಲ್ಲಿ ಹಲ್ಲುಜ್ಜುವ ಬ್ರಷ್ಷುಗಳು, ಎಣ್ಣೆಯ ಬಾಟಲಿ, ಇನ್ನೊಂದರಲ್ಲಿ ಬೀರದೇವರ ಸಣ್ಣ ಫೋಟೊ. ರೋಹನನಿಗೆ ಇಷ್ಟು ಚೆನ್ನಾಗಿ ಲುಕ್ ಬಂದದ್ದು ಕಂಡು ಆಶ್ಚರ್ಯವಾಯಿತು.

ಅಷ್ಟರಲ್ಲಿ ಕೆಳಗೆ ಟೆಂಪೊ ನಿಂತ ಸದ್ದು, ಪಾತ್ರೆಗಳು ಇಳಿಯುವ ಸದ್ದು, ಹೆಂಗಸರ ಗದ್ದಲ. ಮೆಟ್ಟಿಲು ಹತ್ತಿಕೊಂಡು ಜಿನಮತಿ ಬಂದಳು. ಮದುಮಗಳ ಸೋದರತ್ತೆ, ದಪ್ಪ ಹೆಂಗಸು, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಕೈಯಲ್ಲಿ ಅರಿಷಿಣದ ಬಟ್ಟಲು. ಕಾಟಿನ ಮೇಲಿನ ಹುಡುಗಿಯರನ್ನು ಕಂಡು ಬಾಗಿಲಲ್ಲೇ ನಿಂತಳು.

"ಅಗಬಾಯೀ! ನೀವು ವರಪಕ್ಷದವರೇನ? ಇಷ್ಟ ಲಗೂ ಬಂದೀರಿ? ನಿಮ್ಮ ಖೋಲಿ ಆ ಕಡೆರೇ, ಇದು ನಮ್ದು."

"ನಾವು ಇಲ್ಲೇ ಇರಾವ್ರರಿ" ಎಂದಳು ಮಾಯಾ.

"ಇಲ್ಲೇ ಇರಾವ್ರು ಅಂದ್ರ? ಕಾರ್ಯಾಲಯದಾಗ ಯಾರರ ಇರ್ತಾರೇನ?"

ರೋಹನ ನಡುವೆ ನುಗ್ಗಿದ. "ಮೇಡಂ, ಇವತ್ತ ಪಾಲಕರ ಸಭಾ ಐತ್ರಿ. ಜೊತೀಗೆ ಕಲ್ಚರಲ್ ಪ್ರೋಗ್ರಾಮ್."

"ಯಾರ ಪಾಲಕರು? ನಾ ಮದುಮಗಳ ಅತ್ತಿ!" ಜಿನಮತಿ ಅವನನ್ನು ಮೊಳಕೈಯಿಂದ ಸರಿಸಿ, ಪ್ರೊಫೆಸರಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನೀವು ಬೀಗರ ಪೈಕಿ ಇರಬೇಕ. ಬರ್ರಿ, ಮುತ್ತೈದಿ ಮುಖ, ಬರೇ ಕೈಲೆ ನಿಂತೀರಿ." ಮತ್ತು ಯಾರಾದರೂ ತಡೆಯುವ ಮೊದಲೇ ಕಮಿಟಿಯ ಎರಡೂ ಕೆನ್ನೆಗೆ ಅರಿಷಿಣ ಹಚ್ಚಿಬಿಟ್ಟಳು.

ಹುಡುಗಿಯರು ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡರು. ಬಾಬಾಸಾಹೇಬರು ಜರಿಪಟಗದ ಕೆಳಗೆ ಬೆವರಿದರು. ಪ್ರೊಫೆಸರಮ್ಮ ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಹಾಕಿಕೊಂಡು, ಬಾಗಿಲ ಮೇಲಿನ 'ವಧುಪಕ್ಷ' ಎಂಬ ಫಲಕವನ್ನು ನಿಧಾನವಾಗಿ ಓದಿದರು. ಅವರಿಗೆ ಎಲ್ಲವೂ ತಿಳಿದಿತ್ತು. ತಿಳಿದದ್ದು ಅನುಸೂಯಾಳಿಗೂ ತಿಳಿಯಿತು. ಇನ್ನೊಂದು ಮಾತು ಬಂದರೆ ಎಲ್ಲವೂ ಮುಗಿಯುತ್ತಿತ್ತು. ಕಾಲೇಜಿಗೆ ಆಗುವ ಅವಮಾನ ಅವಳಿಗೆ ಬೇಕಾದದ್ದೇ. ಆದರೆ ಹುಡುಗಿಯರು ಸಂಜೆಯೊಳಗೆ ಟ್ರಂಕು ಹೊತ್ತು ಇಳಿಯಬೇಕಾಗುತ್ತಿತ್ತು, ಮಾಯಾ ಸೊಸೆಯಾಗಿ ಕಾಗವಾಡಕ್ಕೆ.

ಪ್ರೊಫೆಸರಮ್ಮ ಮಾಯಾಳ ಟ್ರಂಕಿನ ಹತ್ತಿರ ಹೋಗಿ, "ತೆಗೀತೀಯಾಮ್ಮಾ?" ಎಂದರು. ಮಾಯಾ ತೆಗೆದಳು. ಬಟ್ಟೆ, ಪುಸ್ತಕ, ಅರ, ಒಂದು ಗಂಟು ಕಾರದಪುಡಿ. ಪ್ರೊಫೆಸರಮ್ಮ ಟ್ರಂಕನ್ನು ತಾವೇ ಮುಚ್ಚಿದರು. ಆಮೇಲೆ ಬಾಗಿಲಿನ ಹಿಂದೆ ಕೈ ಆಡಿಸಿ ನೋಡಿದರು.

"ಒಳಗಿನಿಂದ ಚಿಲಕವೇ ಇಲ್ಲವಲ್ಲ?"

ಇರಲಿಲ್ಲ. ಒಮ್ಮೆ ಯಾರೋ ಬೀಗರು ಕುಡಿದು ಒಳಗಿನಿಂದ ಚಿಲಕ ಹಾಕಿ ಮಲಗಿ, ಮರುದಿನದ ಮದುವೆಯವರು ಬಂದು ಬಡಿದರೂ ಏಳದಿದ್ದಾಗ, ಬಾಬಾಸಾಹೇಬರು ಒಳಗಿನ ಚಿಲಕಗಳನ್ನೆಲ್ಲ ಕೀಳಿಸಿದ್ದರು. ಹೊರಗಿನ ಕೊಂಡಿ ಮಾತ್ರ ಉಳಿದಿತ್ತು.

"ಇಲ್ಲಿ ರೆಕ್ಟರ್ ಯಾರು?"

"ನಾನು" ಎಂದಳು ಅನುಸೂಯಾ.

ಇಬ್ಬರು ಹೆಂಗಸರೂ ಒಂದು ಗಳಿಗೆ ಪರಸ್ಪರ ನೋಡಿದರು.

"ಹೆಣ್ಣುಮಕ್ಕಳ ಹಾಸ್ಟೆಲು ನಡೀತಾ ಇದೆ ಅಂತ ಬರೀತೀನಿ" ಎಂದರು ಪ್ರೊಫೆಸರಮ್ಮ, ಅರಿಷಿಣದ ಕೆನ್ನೆಯಲ್ಲೇ ಬಾಬಾಸಾಹೇಬರ ಕಡೆ ತಿರುಗಿ. "ಚಿಲಕ ಇಲ್ಲ ಅಂತಲೂ ಬರೀತೀನಿ. ಈ ಹುಡುಗಿಯರಿಗೆ ನಾನೇ ಆಗಾಗ ವಿಡಿಯೊ ಕಾಲ್ ಮಾಡ್ತೀನಿ, ಯಾವ ಹೊತ್ತಿಗೆ ಅಂತ ಹೇಳಲ್ಲ. ಇದೇ ಕೋಣೆ, ಇದೇ ಟ್ರಂಕು ಕಾಣಬೇಕು. ನಿನ್ನ ನಂಬರ್ ಹೇಳಮ್ಮ."

ಮಾಯಾ ಹೇಳಿದಳು.

ಕಮಿಟಿಯ ಕಾರು ರಸ್ತೆ ಮುಟ್ಟಿದ ಮೇಲೆ ಬಾಬಾಸಾಹೇಬರಿಗೆ ದನಿ ಬಂತು.

"ನಡೀರಿ, ನಡೀರಿ! ಟ್ರಂಕ್ ಎತ್ರಿ. ಲಗ್ನದ ಮಂದಿ ಹೊರಗ ನಿಂತಾರ."

ಯಾವ ಹುಡುಗಿಯೂ ಕಾಟಿನಿಂದ ಇಳಿಯಲಿಲ್ಲ. ಅನುಸೂಯಾ ಬಾಗಿಲಲ್ಲಿ ನಿಂತಿದ್ದಳು. ಸರಿಯಬೇಕೆಂದು ಅವಳಿಗೆ ಅನ್ನಿಸಿತು; ಇಷ್ಟು ವರ್ಷ ದನಿ ಏರಿದೊಡನೆ ಸರಿದ ಕಾಲುಗಳು ಅವು. ಇವತ್ತು ಅವನ್ನು ಹೊಸ್ತಿಲ ಮೇಲೇ ಊರಿದಳು. ಸರಿಯದೆ ನಿಲ್ಲಬಹುದೆಂದು ತಿಳಿಯಲು ಐವತ್ತು ವರ್ಷ ಬೇಕಾಯಿತಲ್ಲ ಎಂದು ನಾಚಿಕೆಯಾಯಿತು.

"ಹುಡುಗ್ಯಾರು ಎಲ್ಲೂ ಹೋಗಂಗಿಲ್ರಿ, ಸಾಹೇಬ್ರ."

"ಏನ್ ಹುಚ್ಚ ಗಿಚ್ಚ ಹಿಡದೈತೇನ್ರಿ? ಒಂದ ದಿನದ ಮಾತಂತ ಹೇಳಿರಲಿಲ್ಲಾ?"

"ಆರ್ಡರಿನ್ಯಾಗ ಒಂದ ದಿನ ಅಂತ ಇಲ್ಲ. ನಿಮ್ಮ ಸಹಿ ಐತಿ. ರೆಕ್ಟರ್ ನಾನು. ಆ ಬಾಯಾರು ಇವತ್ತ ಸಂಜೀಕನ ಕಾಲ್ ಮಾಡಿದ್ರ? ಈ ಖೋಲ್ಯಾಗ ಮದುಮಗಳು ಮೇಕಪ್ ಮಾಡ್ಕೊಳ್ಳಾಕತ್ತಿದ್ರ ಏನ್ ಹೇಳೂನು? ಬಹುಪಯೋಗಿ ಅನ್ನೂನೇನ?"

ಸುಳ್ಳು ಹೇಳಿ ಮುಗಿಸಿದೆವೆಂದು ತಂದೆ-ಮಗ ತಿಳಿದಿದ್ದರು. ಈಗ ಆ ಸುಳ್ಳನ್ನು ದಿನಾ ಸಾಕಬೇಕಾಗಿತ್ತು, ಅದಕ್ಕೆ ಇದೇ ಹುಡುಗಿಯರು ಬೇಕಾಗಿತ್ತು.

"ಮತ್ತ ಲಗ್ನದವ್ರಿಗೆ ನಾ ಏನ್ ಹೇಳ್ಲಿ? ಮುಂಗಡ ಇಸಾರ ತಗೊಂಡೇನಿ!" ಎಂದು ಬಾಬಾಸಾಹೇಬರು ಜಿನಮತಿಯ ಕಡೆ ಕೈ ಮಾಡಿದರು.

ಜಿನಮತಿ ಇಷ್ಟು ಹೊತ್ತು ಬಟ್ಟಲು ಹಿಡಿದು ಎರಡೂ ಕಡೆ ಕತ್ತು ತಿರುಗಿಸುತ್ತಿದ್ದವಳು, ಮಾಯಾಳ ಹತ್ತಿರ ಕಾಟಿನ ಮೇಲೆ ದೊಪ್ಪನೆ ಕೂತಳು.

"ಏನ ತಂಗಿ, ನಿಮಗ ಇರಾಕ ಜಾಗಾ ಇಲ್ಲೇನ?"

"ಇಲ್ರಿ ಮಾವಶಿ. ಇದನ್ನ ಬಿಟ್ರ ನನಗ ನಾಳೇನ ಲಗ್ನ."

"ನಾಳೆ ನಮ್ಮ ಹುಡುಗೀದೂ ಐತಿ. ಒಂದ ದಿನ ಎರಡ ಲಗ್ನ ಯಾಕ?" ಜಿನಮತಿ ಬಾಬಾಸಾಹೇಬರ ಕಡೆ ತಿರುಗಿದಳು. "ದಾದಾ, ಇರ್ಲಿ ಬಿಡ್ರಿ. ಖೋಲಿ ತುಂಬ ನೆಂಟರು ಇರೂದಕ್ಕಿಂತ ಓದೂ ಹುಡುಗ್ಯಾರು ಇದ್ರ ನಮ್ಮ ಸಾಮಾನರ ಉಳೀತಾವ. ಏ ಹುಡುಗ್ಯಾರ, ಏಳ್ರಿ, ಅರಿಷಿಣಕ್ಕ ಹಾಡೂವರ ಬೇಕು. ಹಾಡಾಕ ಬರತೈತೋ, ಬರೇ ಓದಾಕ ಅಷ್ಟ ಬರತೈತೋ?"

ಹುಡುಗಿಯರು ಹಾಡಿದರು, ಸುಮಾರಾಗಿ. ಎರಡು ದಿನ ಮದುವೆಯ ಹೋಳಿಗೆ ಉಂಡರು. ಮದುವೆಯವರು ಟೆಂಪೊ ಹತ್ತಿ ಹೋದರು. ಹುಡುಗಿಯರು ಹೋಗಲಿಲ್ಲ. ಪ್ರೊಫೆಸರಮ್ಮನ ಕಾಲ್ ಒಮ್ಮೆ ಬೆಳಗ್ಗೆ ಬಂತು, ಒಮ್ಮೆ ಊಟದ ಹೊತ್ತಿಗೆ ಬಂತು. ಮುಂದಿನ ಮುಹೂರ್ತದವರಿಗೆ ಬಾಬಾಸಾಹೇಬರು ಕೆಳಗಿನ ಸಭಾಂಗಣವನ್ನಷ್ಟೇ ಕೊಟ್ಟರು. "ಈ ವರ್ಷದ ಮಟ್ಟಿಗೆ" ಎಂದು ಎಲ್ಲರಿಗೂ ಹೇಳುತ್ತ ತಿರುಗಿದರು.

ಚಿಲಕ ತರಿಸಲು ಅನುಸೂಯಾ ಅರ್ಜಿ ಹಾಕಲಿಲ್ಲ. ಅರ್ಜಿ ಹಾಕಿದರೆ ಅದು ಮುಂದಿನ ಯೋಜನೆಗೆ ಹೋಗುತ್ತಿತ್ತು. ಮಾಯಾ ಮತ್ತು ಅವಳ ಗೆಳತಿಯರು ವರ್ಕ್‌ಶಾಪಿನಲ್ಲಿ ಕಬ್ಬಿಣದ ಪಟ್ಟಿ ಕೊಯ್ದು, ಅರದಿಂದ ತೀಡಿ, ತಾವೇ ಮಾಡಿದರು. ಮೊದಲನೆಯದು ಸೊಟ್ಟಗಾಯಿತು. ಅದನ್ನೂ ಬಚ್ಚಲಿನ ಬಾಗಿಲಿಗೆ ಹಾಕಿದರು.

ಜಕ್ಕಪ್ಪ ಹಿಂಡಿನೊಂದಿಗೆ ಹೊಳೆಸಾಲಿಗೆ ಇಳಿದ ಮೇಲೆ ಒಂದು ಮಧ್ಯಾಹ್ನ ಬಂದ. ಕುರಿಗಳನ್ನು ಕಾಲೇಜಿನ ಹಿಂದೆ, ಹೆಸರು ಕೆತ್ತಿದ ಕಲ್ಲಿನ ಸುತ್ತ ಬಿಟ್ಟಿದ್ದ. ಮೇಲೆ ಹತ್ತಿ ಬಂದು ಕೋಣೆ ನೋಡಿದ. 'ವಧುಪಕ್ಷ' ಫಲಕ ಓದಲು ಬರಲಿಲ್ಲ. ಮಗಳು ಓದಿ ಹೇಳಲಿಲ್ಲ. ಚಿಲಕವನ್ನು ಹೆಬ್ಬೆರಳಿನಿಂದ ಸವರಿದ.

"ಒಳಗ ಹೋಗಿ ಹಾಕ್ಕೊ" ಎಂದ.

ಮಾಯಾ ಒಳಗೆ ಹೋಗಿ ಹಾಕಿಕೊಂಡಳು. ಕಬ್ಬಿಣ ಕಬ್ಬಿಣದೊಳಗೆ ಸರಿದ ಸದ್ದು ಕೇಳಿತು. ಜಕ್ಕಪ್ಪ ಕೋಲು ಗೋಡೆಗೆ ಆನಿಸಿ, ಹೆಗಲು ಕೊಟ್ಟು ಬಾಗಿಲನ್ನು ಜೋರಾಗಿ ನೂಕಿದ. ಮತ್ತೊಮ್ಮೆ ನೂಕಿದ. ಬಾಗಿಲು ಅಲುಗಲಿಲ್ಲ.

"ತೋಳ ಬಂದ್ರೂ ನಡೀತೈತಿ" ಎಂದು ಕೋಲು ಎತ್ತಿಕೊಂಡ. "ಕಾಗವಾಡದಾಂವಗ ಹೇಳತೇನಿ, ಹುಡುಗಿ ಓದಾಕತ್ತಾಳ ಅಂತ." ಅನುಸೂಯಾಳಿಗೆ ಕೈ ಮುಗಿದು ಹೋದ. ಅವಳು ಅಲ್ಲೇ ನಿಂತಳು. ಬೆನ್ನಿಗೆ ಹಳೆಯ ಟ್ರಂಕಿನ ಅಂಚು ಒತ್ತುತ್ತಿರಲಿಲ್ಲ. ಒತ್ತುತ್ತಿತ್ತು ಎಂಬುದು ಅದು ನಿಂತ ಮೇಲೆಯೇ ಅವಳಿಗೆ ತಿಳಿದದ್ದು.

ಸಂಕ್ರಾಂತಿಯ ಮೇಲೆ ರೋಹನ ನಾಲ್ಕನೆಯ ಯೋಜನೆ ಶುರುಮಾಡಿದ. ಅದರ ಪ್ರಕಾರ ಹಾಸ್ಟೆಲಿನ ಗುರಿಯನ್ನು ಆಡಳಿತ ಮಂಡಳಿ 'ನಿಗದಿತ ಅವಧಿಗಿಂತ ಇಪ್ಪತ್ತೆರಡು ವರ್ಷ ಮುಂಚಿತವಾಗಿ' ಸಾಧಿಸಿತ್ತು. ಕರಡು ಬರೆದುಕೊಡಿ, ನಿಮ್ಮ ಭಾಷೆ ಛಲೋ ಎಂದು ಅವನು ಹೇಳಿದಾಗ ಅನುಸೂಯಾ, "ಈಗ ಕೈ ನೋಯ್ತಾವ್ರಿ" ಎಂದಳು. ಅವತ್ತು ಸಂಜೆ ಮನೆಯಲ್ಲಿ ಭಕ್ರಿಯ ಹೊತ್ತಿಗೂ ಅದೇ ಮಾತು ಹೇಳಿದಳು.

ಯೋಜನೆಯ ಪುಸ್ತಕಕ್ಕೆ ಹಾಸ್ಟೆಲಿನ ಫೋಟೊ ಬೇಕಾಗಿತ್ತು. ರೋಹನ ಫೋಟೊದವನನ್ನು ಕರೆದುಕೊಂಡು ಮೇಲೆ ಹೋಗಿ ಬಾಗಿಲು ಬಡಿದ.

"ಯಾರ್ರಿ?" ಒಳಗಿನಿಂದ ಮಾಯಾಳ ದನಿ.

"ನಾನು, ರೋಹನ. ಟ್ರಸ್ಟಿ. ಬಾಗಿಲಾ ತಗೀರಿ, ಒಂದ ಫೋಟೊ."

"ಪರೀಕ್ಷಾ ಐತ್ರಿ, ಓದಾಕತ್ತೇವಿ. ರೆಕ್ಟರ್ ಬಾಯಾರ್ನ ಕೇಳ್ಕೊಂಡ ಬರ್ರಿ."

ರೋಹನ ಕೆಳಗೆ ನಿಂತಿದ್ದ ಅನುಸೂಯಾಳ ಕಡೆ ನೋಡಿದ. ಅವಳು ತಲೆಯೆತ್ತಿ ನೋಡಿದಳು, ಹೂಂ ಅನ್ನಲಿಲ್ಲ. ಅವನು ಬಾಗಿಲನ್ನು ಮೆಲ್ಲಗೆ ನೂಕಿದ. ಚಿಲಕ ಗಟ್ಟಿಯಾಗಿತ್ತು.

ಫೋಟೊದವನಿಗೆ ಇನ್ನೊಂದು ಮದುವೆಗೆ ಹೋಗುವ ಅವಸರ. ಮುಚ್ಚಿದ ಬಾಗಿಲಿನದೇ ಫೋಟೊ ತೆಗೆದುಕೊಂಡ. ಯೋಜನೆಯ ಒಳಪುಟದಲ್ಲಿ, ನುಣುಪು ಕಾಗದದ ಮೇಲೆ, ಅದೇ ಅಚ್ಚಾಯಿತು. ಕೆಳಗೆ ಏನೋ ಒಂದು ಉದ್ದ ಸಾಲು ಇತ್ತು. ಅನುಸೂಯಾ ಅದನ್ನು ಓದಲಿಲ್ಲ.